ಬಂದೂಕು ಮತ್ತು ಉಪಕರಣ ಗುರುತುಗಳ ಪರೀಕ್ಷಕರು: ತರಬೇತಿಯ ಸ್ವರೂಪ

ಸಿಡಿದ ಗುಂಡು ಯಾವ ಬಂದೂಕಿನಿಂದ ಹೊರಟಿತು, ಮುರಿದ ಬೀಗದ ಮೇಲಿನ ಗೀರು ಯಾವ ಹಾರೆಯ ತುದಿಯದು ಎಂಬ ಪ್ರಶ್ನೆಗಳಿಗೆ ನ್ಯಾಯಾಲಯದ ಮುಂದೆ ಉತ್ತರ ಹೇಳುವ ವಿಧಿವಿಜ್ಞಾನಿಗಳೇ ಬಂದೂಕು ಮತ್ತು ಉಪಕರಣ ಗುರುತುಗಳ ಪರೀಕ್ಷಕರು. ಎರಡೂ ಕೆಲಸಗಳ ತಳಹದಿ ಒಂದೇ. ಗಟ್ಟಿ ಲೋಹ ಮೆತ್ತಗಿನ ಲೋಹವನ್ನು ಒತ್ತಿದಾಗ ಅಥವಾ ಉಜ್ಜಿದಾಗ ತನ್ನ ಮೈಯ ಏರುತಗ್ಗುಗಳನ್ನು ಅದರ ಮೇಲೆ ಬಿಡುತ್ತದೆ. ಉಕ್ಕಿನ ನಳಿಗೆ ಸೀಸ, ತಾಮ್ರದ ಗುಂಡಿನ ಮೇಲೆ ಬಿಡುವುದೂ ಸ್ಕ್ರೂಡ್ರೈವರ್ ಹಿತ್ತಾಳೆಯ ಚಿಲಕದ ಮೇಲೆ ಬಿಡುವುದೂ ಒಂದೇ ಜಾತಿಯ ಗುರುತು. ಬಂದೂಕೂ ಒಂದು ಉಪಕರಣವೇ. ಈ ಕೆಲಸಕ್ಕೆ ಜನರನ್ನು ಸಿದ್ಧಪಡಿಸುವ ಕ್ರಮ ಹೆಚ್ಚಾಗಿ ಅಮೆರಿಕದಲ್ಲಿ ರೂಪುಗೊಂಡಿತು. ವಿಜ್ಞಾನದ ಪದವಿ ಮುಗಿಸಿದ ಮೇಲೆ ಸುಮಾರು ಎರಡು ವರ್ಷ ಹಿರಿಯ ಪರೀಕ್ಷಕರ ಪಕ್ಕದಲ್ಲಿ ಕೂತು ಕಲಿಯುವುದು ಅದರ ಸಾಮಾನ್ಯ ರೂಪ. ಹೊರಗಿನಿಂದ ನೋಡುವವರಿಗೆ ಇದು ಹೋಲಿಕೆಗಳನ್ನು ಹಿಡಿಯುವ ಕಣ್ಣನ್ನು ಬೆಳೆಸಿಕೊಳ್ಳುವ ಕಲಿಕೆ ಎನಿಸುತ್ತದೆ. ನೂರು ವರ್ಷಗಳ ದಾಖಲೆ ಬೇರೆಯೇ ಹೇಳುತ್ತದೆ. ಹೋಲಿಕೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಬಂದೂಕುಗಳ ಗುರುತುಗಳು ಎಷ್ಟರಮಟ್ಟಿಗೆ ಹೋಲಬಲ್ಲವು ಎಂಬ ಅಳತೆ ಮಾತ್ರ ಕಲಿಯದೆ ಬರುವುದಿಲ್ಲ. ಆ ಅಳತೆಯನ್ನು ಕಲಿಸುವುದು ತರಬೇತಿಯ ತಿರುಳು. ಅದು ಕಲಿತಾಯಿತೇ ಎಂಬುದನ್ನು ಸೇವೆಯ ವರ್ಷಗಳು ಹೇಳಲಾರವು. ಸರಿಯುತ್ತರ ಮೊದಲೇ ಗೊತ್ತಿರುವ ಪರೀಕ್ಷೆಯಲ್ಲಿ ಒಬ್ಬ ಪರೀಕ್ಷಕರು ಮಾಡಿದ ತಪ್ಪುಗಳ ಲೆಕ್ಕ ಮಾತ್ರ ಹೇಳಬಲ್ಲದು.

ಇದಕ್ಕೆ ಮೊದಲ ಪುರಾವೆ ಈ ವೃತ್ತಿಯ ಹುಟ್ಟಿನಲ್ಲೇ ಇದೆ. 1915ರಲ್ಲಿ ನ್ಯೂಯಾರ್ಕ್ ರಾಜ್ಯದ ವೆಸ್ಟ್ ಶೆಲ್ಬಿ ಎಂಬ ಹಳ್ಳಿಯಲ್ಲಿ ಒಬ್ಬ ವೃದ್ಧ ರೈತನೂ ಅವನ ಮನೆಗೆಲಸದಾಕೆಯೂ ಗುಂಡಿಗೆ ಬಲಿಯಾದರು. ಚಾರ್ಲ್ಸ್ ಸ್ಟೀಲೊ ಎಂಬ ಬಡ ಕೂಲಿಯಾಳಿನ ಮೇಲೆ ಆರೋಪ ಬಂತು. ಆಲ್ಬರ್ಟ್ ಹ್ಯಾಮಿಲ್ಟನ್ ಎಂಬ ಸ್ವಯಂಘೋಷಿತ ತಜ್ಞ ಸ್ಟೀಲೊನ .22 ರಿವಾಲ್ವರ್ ನೋಡಿ, ಅದರ ನಳಿಗೆಯ ಬಾಯಲ್ಲಿರುವ ಒಂಬತ್ತು ಗೀರುಗಳೇ ಗುಂಡಿನ ಮೇಲೂ ಬಿದ್ದಿವೆ ಎಂದು ಸಾಕ್ಷಿ ನುಡಿದ. ಆ ಗೀರುಗಳು ಅವನ ಹೊರತು ಬೇರೆ ಯಾರ ಕಣ್ಣಿಗೂ ಬೀಳಲಿಲ್ಲ. ಸ್ಟೀಲೊಗೆ ಮರಣದಂಡನೆಯಾಯಿತು, ವಿದ್ಯುತ್ ಕುರ್ಚಿಯ ಹತ್ತಿರದವರೆಗೂ ಹೋಗಿ ಬಂದ. ಮರುತನಿಖೆಗೆ ನೇಮಕವಾದ ತಂಡದಲ್ಲಿ ಚಾರ್ಲ್ಸ್ ವೇಟ್ ಇದ್ದ. ಅದೇ ರಿವಾಲ್ವರ್‌ನಿಂದ ಪರೀಕ್ಷಾ ಗುಂಡುಗಳನ್ನು ಹಾರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೊಲೆಯ ಗುಂಡುಗಳು ಅದರವಲ್ಲ ಎಂಬುದು ಸ್ಪಷ್ಟವಾಯಿತು, 1918ರಲ್ಲಿ ಸ್ಟೀಲೊ ಬಿಡುಗಡೆಯಾದ. ಹ್ಯಾಮಿಲ್ಟನ್ ಮಾತ್ರ ಸಾಕ್ಷಿ ಕಟ್ಟೆ ಬಿಡಲಿಲ್ಲ. ಸ್ಯಾಕೊ ಮತ್ತು ವಾಂಜೆಟ್ಟಿ ಮೊಕದ್ದಮೆಯ ಮರುವಿಚಾರಣೆಯ ಅರ್ಜಿ ನಡೆಯುವಾಗ ನ್ಯಾಯಾಧೀಶರ ಎದುರಿಗೇ ಪಿಸ್ತೂಲುಗಳ ನಳಿಗೆಗಳನ್ನು ಅದಲುಬದಲು ಮಾಡಲು ಹೋಗಿ ಸಿಕ್ಕಿಬಿದ್ದ. ಅವನಲ್ಲಿ ಇಲ್ಲದಿದ್ದದ್ದು ಪ್ರಾಮಾಣಿಕತೆ ಮಾತ್ರವೆಂದು ತಳ್ಳಿಹಾಕುವುದು ಸುಲಭ. ಆದರೆ ಅವನ ಮಾತನ್ನು ಅಳೆಯುವ ಕೋಲು ಆ ಕಾಲದ ಯಾವ ನ್ಯಾಯಾಧೀಶರ ಕೈಯಲ್ಲೂ ಇರಲಿಲ್ಲ, ಹೆಚ್ಚು ತೊಂದರೆ ಕೊಟ್ಟದ್ದು ಅದು.

ಸ್ಟೀಲೊ ಪ್ರಕರಣದಿಂದ ಎಚ್ಚೆತ್ತ ವೇಟ್ ಬಂದೂಕು ಕಾರ್ಖಾನೆಗಳನ್ನು ಸುತ್ತಿ ಪ್ರತಿ ಮಾದರಿಯ ಅಳತೆಗಳನ್ನು ಕಲೆಹಾಕಿದ. 1925ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಅವನ ಜೊತೆ ಫಿಲಿಪ್ ಗ್ರಾವೆಲ್, ಜಾನ್ ಫಿಶರ್, ಸೇನೆಯ ವೈದ್ಯನಾಗಿದ್ದ ಕಾಲ್ವಿನ್ ಗಾಡರ್ಡ್ ಕೂಡಿಕೊಂಡರು. ಎರಡು ಸೂಕ್ಷ್ಮದರ್ಶಕಗಳನ್ನು ಒಂದು ಸೇತುವೆಯಿಂದ ಬೆಸೆದು ಎರಡು ಗುಂಡುಗಳ ಅರ್ಧರ್ಧ ಭಾಗಗಳನ್ನು ಒಂದೇ ನೋಟದಲ್ಲಿ ಕೂಡಿಸಿ ತೋರಿಸುವ ತುಲನಾ ಸೂಕ್ಷ್ಮದರ್ಶಕವನ್ನು ಗ್ರಾವೆಲ್ ಈ ಕೆಲಸಕ್ಕೆ ಒಗ್ಗಿಸಿದ. ಇಂದಿಗೂ ಪ್ರಯೋಗಾಲಯಗಳ ಮುಖ್ಯ ಸಾಧನ ಅದೇ. 1929ರ ಫೆಬ್ರುವರಿ 14ರಂದು ಶಿಕಾಗೊದಲ್ಲಿ ಏಳು ಜನರ ಹತ್ಯೆ ನಡೆದಾಗ ಹಂತಕರಲ್ಲಿ ಕೆಲವರು ಪೊಲೀಸ್ ಸಮವಸ್ತ್ರದಲ್ಲಿದ್ದರು; ಊರಿನ ಪೊಲೀಸರೇ ಕೊಂದರೆಂಬ ಗುಮಾನಿ ಹಬ್ಬಿತು. ಗಾಡರ್ಡ್ ಪೊಲೀಸರ ಥಾಂಪ್ಸನ್ ಬಂದೂಕುಗಳಿಂದ ಗುಂಡು ಹಾರಿಸಿ, ಅವು ಈ ಹತ್ಯೆಯಲ್ಲಿ ಬಳಕೆಯಾದವಲ್ಲ ಎಂದು ಮೊದಲು ತೀರ್ಮಾನಿಸಿದ. ಅದೇ ವರ್ಷದ ಕೊನೆಗೆ ಒಬ್ಬ ಪಾತಕಿಯ ಮನೆಯಲ್ಲಿ ಸಿಕ್ಕ ಎರಡು ಥಾಂಪ್ಸನ್‌ಗಳು ಹೊಂದಿಕೊಂಡವು. ಗಾಡರ್ಡ್‌ನ ಹೆಸರನ್ನು ಜನ ಈ ಹೊಂದಿಕೆಗಾಗಿ ನೆನೆಯುತ್ತಾರೆ. ಅದಕ್ಕೆ ಮೊದಲು ಬಂದ ‘ಅಲ್ಲ’ ಎಂಬ ಉತ್ತರ ನನ್ನ ಮಟ್ಟಿಗೆ ಹೆಚ್ಚು ತೂಕದ್ದು. ಈ ಹತ್ಯೆಯ ಬೆನ್ನಲ್ಲೇ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಅಪರಾಧ ಪತ್ತೆಯ ಪ್ರಯೋಗಾಲಯ ಹುಟ್ಟಿತು, 1932ರಲ್ಲಿ ಎಫ್‌ಬಿಐ ಪ್ರಯೋಗಾಲಯ ಶುರುವಾಯಿತು. ಅಲ್ಲಿಂದ ಮುಂದೆ ವಿದ್ಯೆ ಗುರುವಿನಿಂದ ಶಿಷ್ಯನಿಗೆ ಕೈಯಿಂದ ಕೈಗೆ ಸಾಗಿತು. 1969ರಲ್ಲಿ ಬಂದೂಕು ಮತ್ತು ಉಪಕರಣ ಗುರುತು ಪರೀಕ್ಷಕರ ಸಂಘ, ಅಂದರೆ ಎಎಫ್‌ಟಿಇ, ಸ್ಥಾಪನೆಯಾದ ಮೇಲೆ ತರಬೇತಿ ಕೈಪಿಡಿ, ಪತ್ರಿಕೆ, ಪ್ರಮಾಣಪತ್ರ ಪರೀಕ್ಷೆಗಳು ಬಂದವು.

ಇಂದಿನ ತರಬೇತಿ ಸುರಕ್ಷತೆಯ ಪಾಠದಿಂದ ಶುರುವಾಗುತ್ತದೆ: ಕೈಗೆ ಬಂದ ಪ್ರತಿ ಬಂದೂಕನ್ನೂ ತೋಟಾ ತುಂಬಿದ್ದೇ ಎಂದು ತಿಳಿದು ಹಿಡಿಯಬೇಕು. ನಂತರ ಬಂದೂಕುಗಳನ್ನು ಬಿಚ್ಚಿ ಜೋಡಿಸುವುದು, ರಿವಾಲ್ವರ್, ಪಿಸ್ತೂಲು, ರೈಫಲ್, ಶಾಟ್‌ಗನ್‌ಗಳು ತೋಟಾವನ್ನು ಒಳಗೆ ಎಳೆದುಕೊಂಡು ಸಿಡಿಸಿ ಹೊರಗೆಸೆಯುವ ಬಗೆ, ಮದ್ದು ಮತ್ತು ಗುಂಡುಗಳ ಇತಿಹಾಸ. ಇವೆಲ್ಲ ಪುಸ್ತಕದಿಂದಲೂ ಬರುವ ವಿದ್ಯೆ. ಪುಸ್ತಕದಿಂದ ಅರ್ಧ ಮಾತ್ರ ಬರುವುದು ತಯಾರಿಕೆಯ ಪಾಠ. ಅದಕ್ಕಾಗಿಯೇ ಒಳ್ಳೆಯ ತರಬೇತಿಗಳು ಶಿಷ್ಯರನ್ನು ಕಾರ್ಖಾನೆಗೆ ಕರೆದೊಯ್ಯುತ್ತವೆ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಓಡುವ ತೋಡುಗಳು ಗುಂಡನ್ನು ತಿರುಗಿಸಿ ನೇರ ಹಾರಿಸುತ್ತವೆ. ಈ ತೋಡುಗಳನ್ನು ಕೊಕ್ಕೆಯಂಥ ಉಳಿಯಿಂದ ಒಂದೊಂದಾಗಿ ಕೆತ್ತಬಹುದು. ಹಲ್ಲುಗಳ ಸಾಲಿರುವ ಬ್ರೋಚ್ ಎಂಬ ಸಾಧನವನ್ನು ಒಮ್ಮೆ ಎಳೆದು ಎಲ್ಲವನ್ನೂ ಒಟ್ಟಿಗೆ ಕೊರೆಯಬಹುದು. ಗಟ್ಟಿ ಲೋಹದ ಗುಂಡಿಯನ್ನು ನಳಿಗೆಯೊಳಗೆ ನೂಕಿ ಒತ್ತಿ ಮೂಡಿಸಬಹುದು. ಅಚ್ಚೊಂದನ್ನು ಒಳಗಿಟ್ಟು ಹೊರಗಿನಿಂದ ಸುತ್ತಿಗೆಗಳಿಂದ ಬಡಿದೂ ಮೂಡಿಸಬಹುದು. ಪ್ರತಿ ವಿಧಾನವೂ ಒಳಮೈ ಮೇಲೆ ಬೇರೆ ಬೇರೆ ಬಗೆಯ ಸೂಕ್ಷ್ಮ ಗೀರುಗಳನ್ನು ಬಿಡುತ್ತದೆ. ಅವುಗಳಲ್ಲಿ ಯಾವುದು ಈ ನಳಿಗೆಗೆ ಮಾತ್ರ ಸೇರಿದ್ದು, ಯಾವುದು ಸಾಧನದ್ದೇ ದೋಷವಾಗಿದ್ದು ಅದರಿಂದ ತಯಾರಾದ ಹತ್ತಾರು ನಳಿಗೆಗಳಿಗೂ ದಾಟಿದೆ ಎಂಬುದನ್ನು ಬೇರ್ಪಡಿಸಲು ಬಾರದಿದ್ದರೆ ಮುಂದಿನ ಕಲಿಕೆಯೆಲ್ಲ ನೀರಿನಲ್ಲಿ ಹೋಮ.

ಇಲ್ಲಿ ಮೂರು ಬಗೆಯ ಲಕ್ಷಣಗಳನ್ನು ಬಿಡಿಸಿ ನೋಡುವುದನ್ನು ಕಲಿಸುತ್ತಾರೆ. ತಯಾರಕರು ಮೊದಲೇ ನಿರ್ಧರಿಸಿದವು ವರ್ಗ ಲಕ್ಷಣಗಳು: ನಳಿಗೆಯ ವ್ಯಾಸ, ತೋಡುಗಳ ಸಂಖ್ಯೆ, ಅಗಲ, ಸುರುಳಿಯ ದಿಕ್ಕು. ಕೋಲ್ಟ್ ರಿವಾಲ್ವರ್‌ಗಳಲ್ಲಿ ಸಾಮಾನ್ಯವಾಗಿ ಆರು ತೋಡು, ಎಡಕ್ಕೆ ತಿರುವು. ಸ್ಮಿತ್ ಆಂಡ್ ವೆಸನ್ ಆದರೆ ಐದು, ಬಲಕ್ಕೆ. ಇಷ್ಟರಲ್ಲೇ ಎಷ್ಟೋ ಬಂದೂಕುಗಳನ್ನು ಕೈಬಿಡಬಹುದು. ಬಳಕೆ, ತುಕ್ಕು, ತಯಾರಿಕೆಯ ಆಕಸ್ಮಿಕಗಳಿಂದ ಒಂದು ಬಂದೂಕಿಗೆ ಮಾತ್ರ ಅಂಟಿಕೊಂಡವು ವೈಯಕ್ತಿಕ ಲಕ್ಷಣಗಳು. ಇವೆರಡರ ನಡುವೆ ಉಪವರ್ಗ ಲಕ್ಷಣ ಎಂಬ ಅಪಾಯದ ಜಾಗವಿದೆ. ಒಂದೇ ಸವೆದ ಸಾಧನದಿಂದ ಸಾಲಾಗಿ ತಯಾರಾದ ಬಂದೂಕುಗಳಲ್ಲಿ ಮಾತ್ರ ಕಾಣುವ ಇವು ನೋಡಲು ಥೇಟ್ ವೈಯಕ್ತಿಕ ಗುರುತುಗಳಂತೆಯೇ ಇರುತ್ತವೆ. ಗುಂಡೊಂದೇ ಸಾಕ್ಷಿಯಲ್ಲ. ತೋಟಾದ ಬುಡಕ್ಕೆ ಬಡಿಯುವ ಫೈರಿಂಗ್ ಪಿನ್, ಸಿಡಿತದ ಒತ್ತಡಕ್ಕೆ ಬುಡ ಹಿಂದಕ್ಕೆ ಅಪ್ಪಳಿಸುವ ಬ್ರೀಚಿನ ಮೈ, ಖಾಲಿ ತೋಟಾವನ್ನು ಎಳೆದೆಸೆಯುವ ಕೊಂಡಿ, ಪ್ರತಿಯೊಂದೂ ತನ್ನ ಸಹಿ ಹಾಕುತ್ತದೆ. ಗ್ಲಾಕ್‌ನಂಥ ಪಿಸ್ತೂಲುಗಳ ನಳಿಗೆಯ ತೋಡುಗಳು ಮೂಲೆಗಳಿಲ್ಲದ ನುಣುಪು ಬಹುಭುಜಗಳಾದ್ದರಿಂದ ಗುಂಡಿನ ಮೇಲೆ ಹೆಚ್ಚು ಗೀರು ಬೀಳುವುದಿಲ್ಲ. ಅಂಥಲ್ಲಿ ಖಾಲಿ ತೋಟಾವೇ ಆಧಾರ.

ಉಪಕರಣಗಳ ಪಾಠ ಇದಕ್ಕಿಂತ ಜಟಿಲ, ಆದರೂ ಇದಕ್ಕೆ ಸಿಗುವ ಗೌರವ ಕಡಿಮೆ. ಬಂದೂಕಿನಲ್ಲಿ ಗುಂಡು ಹೊರಡುವ ದಾರಿ ಒಂದೇ. ಕಳ್ಳನ ಕೈಯ ಸ್ಕ್ರೂಡ್ರೈವರ್ ಯಾವ ಕೋನದಲ್ಲಾದರೂ ಜಾರಬಹುದು, ಕೋನ ಬದಲಾದರೆ ಗೀರುಗಳ ವಿನ್ಯಾಸವೂ ಬದಲಾಗುತ್ತದೆ. ಆದ್ದರಿಂದ ಶಿಷ್ಯರು ಒಂದೇ ಉಪಕರಣದಿಂದ ಹಲವು ಕೋನಗಳಲ್ಲಿ, ಉಪಕರಣದ ತುದಿ ಕೆಡದಂತೆ ಮೊದಲು ಸೀಸದ ತಗಡಿನ ಮೇಲೆ, ಪರೀಕ್ಷಾ ಗುರುತುಗಳನ್ನು ಮಾಡುತ್ತಾರೆ. ಶಂಕಿತ ಉಪಕರಣವನ್ನು ಸ್ಥಳದ ಗುರುತಿನೊಳಗೆ ಇಟ್ಟು ‘ಕೂರುತ್ತದೆಯೇ’ ಎಂದು ನೋಡುವುದು ಕಟ್ಟುನಿಟ್ಟಾಗಿ ನಿಷಿದ್ಧ, ಏಕೆಂದರೆ ಆ ಒಂದು ಸ್ಪರ್ಶವೇ ಸಾಕ್ಷ್ಯವನ್ನು ಕೆಡಿಸಿಬಿಡುತ್ತದೆ. ಈ ಶಾಖೆಯ ಹೆಸರಾಂತ ಸಾಧನೆ ಲೋಹದ್ದಲ್ಲ, ಮರದ್ದು. 1932ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಮಗುವಿನ ಅಪಹರಣಕ್ಕೆ ಬಳಸಿದ ಏಣಿಯ ಮೇಲೆ ಕಾರ್ಖಾನೆಯ ತೋಪಡ ಯಂತ್ರದ ಅಲಗುಗಳು ಬಿಟ್ಟ ಗೀರುಗಳನ್ನು ಹಿಡಿದು ಮರತಜ್ಞ ಆರ್ಥರ್ ಕೋಲರ್ ಮರ ಕೊಯ್ದ ಮಿಲ್ಲನ್ನು ದಕ್ಷಿಣ ಕ್ಯಾರೊಲೈನಾದಲ್ಲಿ ಪತ್ತೆಮಾಡಿದ; ಆರೋಪಿಯ ಕೈತೋಪಡದ ಗುರುತನ್ನೂ ಏಣಿಯಲ್ಲಿ ತೋರಿಸಿದ. ಇದಲ್ಲದೆ ಉಜ್ಜಿ ಅಳಿಸಿದ ಬಂದೂಕಿನ ಕ್ರಮಸಂಖ್ಯೆಯನ್ನು ಆಮ್ಲ ಸವರಿ ಮತ್ತೆ ಮೂಡಿಸುವುದು, ಬಟ್ಟೆಯ ಮೇಲಿನ ಮದ್ದಿನ ಕಣಗಳನ್ನು ರಾಸಾಯನಿಕವಾಗಿ ಬಣ್ಣ ಬರಿಸಿ ಎಷ್ಟು ದೂರದಿಂದ ಗುಂಡು ಹಾರಿತೆಂದು ಅಂದಾಜಿಸುವುದು, ಟ್ರಿಗರ್ ಎಳೆಯಲು ಬೇಕಾದ ಬಲವನ್ನು ತೂಗಿ ಆಕಸ್ಮಿಕ ಸಿಡಿತದ ಹೇಳಿಕೆಯನ್ನು ಪರೀಕ್ಷಿಸುವುದು ಕೂಡ ಪಠ್ಯದಲ್ಲಿವೆ. ಇವಕ್ಕೆ ಕೈಚಳಕ ಬೇಕು, ಶಿಸ್ತು ಬೇಕು, ವಿವಾದ ಹೆಚ್ಚಿಲ್ಲ.

ವಿವಾದವೆಲ್ಲ ತುಲನಾ ಸೂಕ್ಷ್ಮದರ್ಶಕದ ಕೆಳಗೆ. ನೀರಿನ ತೊಟ್ಟಿಗೆ ಗುಂಡು ಹಾರಿಸಿ, ಮೇಲೆತ್ತಿ, ಸಾಕ್ಷ್ಯದ ಗುಂಡಿನ ಪಕ್ಕದಲ್ಲಿಟ್ಟು ತಿರುಗಿಸುತ್ತ ಹೋದರೆ ಒಂದಲ್ಲ ಒಂದು ಕಡೆ ಗೀರುಗಳು ಕೂಡಿಯೇ ಕೂಡುತ್ತವೆ. 1959ರಲ್ಲಿ ಆಲ್ಫ್ರೆಡ್ ಬಿಯಾಸೋಟಿ ಸ್ಮಿತ್ ಆಂಡ್ ವೆಸನ್ ರಿವಾಲ್ವರ್‌ಗಳ ಗುಂಡುಗಳ ಮೇಲೆ ಇದನ್ನು ಎಣಿಸಿ ನೋಡಿದ. ಒಂದೇ ರಿವಾಲ್ವರ್‌ನಿಂದ ಹೊರಟ ಎರಡು ಸೀಸದ ಗುಂಡುಗಳಲ್ಲಿ ಕೂಡುವ ಗೀರುಗಳು ಶೇ 36ರಿಂದ 38. ಬೇರೆ ಬೇರೆ ರಿವಾಲ್ವರ್‌ಗಳ ಗುಂಡುಗಳಲ್ಲೂ ಶೇ 15ರಿಂದ 20. ಅಂದರೆ ನಿಜವಾದ ಜೋಡಿಯಲ್ಲೂ ಹೆಚ್ಚಿನ ಗೀರುಗಳು ಕೂಡುವುದಿಲ್ಲ, ಸುಳ್ಳು ಜೋಡಿಯಲ್ಲೂ ಕೆಲವು ಕೂಡುತ್ತವೆ. ಆದರೆ ನಡುವೆ ಬಿಟ್ಟುಹೋಗದೆ ಒಂದರ ಪಕ್ಕ ಒಂದು ಕೂಡುವ ಗೀರುಗಳ ಓಟ ಸುಳ್ಳು ಜೋಡಿಗಳಲ್ಲಿ ನಾಲ್ಕನ್ನು ದಾಟಲಿಲ್ಲ. ಇದನ್ನು ಹಿಡಿದು 1997ರಲ್ಲಿ ಬಿಯಾಸೋಟಿ ಮತ್ತು ಜಾನ್ ಮರ್ಡಾಕ್ ಒಂದು ಕನಿಷ್ಠ ಮಟ್ಟ ಸೂಚಿಸಿದರು: ಆಳವಿರುವ ಗುರುತುಗಳಲ್ಲಿ ಮೂರು ಮೂರು ಗೀರುಗಳ ಎರಡು ಗುಂಪು ಅಥವಾ ಒಟ್ಟಿಗೆ ಆರು, ಆಳವಿಲ್ಲದವುಗಳಲ್ಲಿ ಐದೈದರ ಎರಡು ಗುಂಪು ಅಥವಾ ಒಟ್ಟಿಗೆ ಎಂಟು. ಎಲ್ಲ ಪ್ರಯೋಗಾಲಯಗಳೂ ಹೀಗೆ ಎಣಿಸುವುದಿಲ್ಲ. ಎಎಫ್‌ಟಿಇ 1992ರಲ್ಲಿ ಒಪ್ಪಿದ ಸಿದ್ಧಾಂತ ‘ಸಾಕಷ್ಟು ಹೊಂದಿಕೆ’ ಎನ್ನುತ್ತದೆ. ಬೇರೆ ಉಪಕರಣಗಳ ನಡುವೆ ಕಂಡ ಅತ್ಯುತ್ತಮ ಹೊಂದಿಕೆಯನ್ನು ಇದು ಮೀರಬೇಕು, ಒಂದೇ ಉಪಕರಣದ ಗುರುತುಗಳ ನಡುವಿನ ಹೊಂದಿಕೆಗೆ ಸರಿಸಾಟಿಯಾಗಬೇಕು. ಇದು ತನ್ನ ಬಾಲವನ್ನು ತಾನೇ ಹಿಡಿದ ವ್ಯಾಖ್ಯೆ ಎಂದು ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ 2016ರಲ್ಲಿ ಟೀಕಿಸಿತು. ತರ್ಕವಾಗಿ ನೋಡಿದರೆ ಟೀಕೆ ಸರಿ. ತರಬೇತಿಯ ದೃಷ್ಟಿಯಿಂದ ನೋಡಿದರೆ ಅದೇ ವ್ಯಾಖ್ಯೆಯಲ್ಲಿ ಒಂದು ಸೂಚನೆ ಅಡಗಿದೆ. ಬೇರೆ ಉಪಕರಣಗಳ ನಡುವಿನ ಅತ್ಯುತ್ತಮ ಹೊಂದಿಕೆಯನ್ನು ಪರೀಕ್ಷಕರು ಮೊದಲು ಕಂಡಿರಬೇಕು, ಒಂದೆರಡು ಬಾರಿಯಲ್ಲ, ನೂರಾರು ಬಾರಿ. ಸಾಲಾಗಿ ತಯಾರಾದ ನಳಿಗೆಗಳಿಂದ ಹಾರಿಸಿದ, ಬೇರೆ ಬೇರೆಯವೆಂದು ಮೊದಲೇ ತಿಳಿದಿರುವ ಗುಂಡುಗಳನ್ನು ತಾಸುಗಟ್ಟಲೆ ತಿರುಗಿಸಿ, ಮೋಸಗೊಳಿಸುವ ಹೊಂದಿಕೆಗಳನ್ನು ಹುಡುಕಿ ಚಿತ್ರ ತೆಗೆದಿಡುವುದು ನನ್ನ ದೃಷ್ಟಿಯಲ್ಲಿ ಇಡೀ ತರಬೇತಿಯ ಅತಿ ಮುಖ್ಯ ಅಭ್ಯಾಸ. ಅದನ್ನು ಚುಟುಕಾಗಿ ಮುಗಿಸಿ ನಿಜವಾದ ಜೋಡಿಗಳನ್ನೇ ತೋರಿಸುತ್ತ ಹೋಗುವ ತರಬೇತಿ ಆತ್ಮವಿಶ್ವಾಸವನ್ನು ಬೆಳೆಸುತ್ತದೆ, ವಿವೇಚನೆಯನ್ನಲ್ಲ.

ಈ ಅಭಿಪ್ರಾಯಕ್ಕೆ ಅಂಕಿಗಳ ಬೆಂಬಲ ಇದೆ. ಹಳೆಯ ಹೆಸರಾಂತ ಅಧ್ಯಯನವೊಂದರಲ್ಲಿ ಸಾಲಾಗಿ ತಯಾರಾದ ಹತ್ತು ರೂಗರ್ ನಳಿಗೆಗಳ ಗುಂಡುಗಳನ್ನು ವರ್ಷಾನುಗಟ್ಟಲೆ ಐದುನೂರಕ್ಕೂ ಹೆಚ್ಚು ಪರೀಕ್ಷಕರಿಗೆ ಕೊಡಲಾಯಿತು. ಒಬ್ಬರೂ ತಪ್ಪಾಗಿ ಹೊಂದಿಸಲಿಲ್ಲ. ವೃತ್ತಿಯವರು ಇದನ್ನು ಹೆಮ್ಮೆಯಿಂದ ಉಲ್ಲೇಖಿಸುತ್ತಾರೆ. ಆದರೆ ಅಲ್ಲಿ ಪ್ರತಿ ಅಪರಿಚಿತ ಗುಂಡಿಗೂ ಜೊತೆಗಾರ ಗುಂಡು ಕೊಟ್ಟ ಪೊಟ್ಟಣದಲ್ಲೇ ಇತ್ತು, ಉಳಿದವಕ್ಕಿಂತ ಹೆಚ್ಚು ಹೋಲುವುದನ್ನು ಆರಿಸಿದರೂ ಸಾಕಿತ್ತು. ಕೊಲೆಯ ಪ್ರಕರಣದಲ್ಲಿ ಅಂಥ ಅನುಕೂಲ ಇರುವುದಿಲ್ಲ. ಸರಿಯಾದ ಬಂದೂಕು ಮೇಜಿನ ಮೇಲೆ ಇಲ್ಲದೆಯೂ ಇರಬಹುದು. 2014ರಲ್ಲಿ ಅಮೆರಿಕದ ಏಮ್ಸ್ ಪ್ರಯೋಗಾಲಯ ಈ ದೋಷ ನೀಗಿ ಅಧ್ಯಯನ ನಡೆಸಿತು. 218 ಪರೀಕ್ಷಕರು ಖಾಲಿ ತೋಟಾಗಳ ತಲಾ ಹದಿನೈದು ಹೋಲಿಕೆಗಳನ್ನು ಮಾಡಿದರು. ಬೇರೆ ಬೇರೆ ಪಿಸ್ತೂಲುಗಳ ತೋಟಾಗಳಿದ್ದ 2,180ರಷ್ಟು ಹೋಲಿಕೆಗಳಲ್ಲಿ 22 ಬಾರಿ ‘ಒಂದೇ ಪಿಸ್ತೂಲಿನವು’ ಎಂಬ ತಪ್ಪು ಉತ್ತರ ಬಂತು; ಮೂರರಲ್ಲೊಂದು ಭಾಗಕ್ಕೂ ತುಸು ಹೆಚ್ಚು ಹೋಲಿಕೆಗಳಲ್ಲಿ ಪರೀಕ್ಷಕರು ‘ನಿರ್ಧರಿಸಲಾಗದು’ ಎಂದರು. ನಿರ್ಧಾರಕ್ಕೆ ಬಾರದವನ್ನು ಬಿಟ್ಟು ಲೆಕ್ಕ ಹಾಕಿದ ಸಲಹಾ ಮಂಡಳಿ, ತಪ್ಪು ಗುರುತಿಸುವಿಕೆ 66ರಲ್ಲಿ ಒಂದು, ಅದು 46ರಲ್ಲಿ ಒಂದರವರೆಗೂ ಇರಬಹುದು ಎಂದಿತು. ಇದಕ್ಕಿಂತ ನನಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ: ಆ 22 ತಪ್ಪುಗಳಲ್ಲಿ 20ನ್ನು ಮಾಡಿದವರು ಕೇವಲ ಐದು ಜನ. ತಪ್ಪು ಎಲ್ಲರಿಗೂ ಸಮವಾಗಿ ಹಂಚಿಕೆಯಾಗಿಲ್ಲ ಎಂದ ಮೇಲೆ ‘ಈ ವಿಜ್ಞಾನದ ತಪ್ಪಿನ ದರ ಎಷ್ಟು’ ಎಂದು ಕೇಳಿದರೆ ಅರ್ಧ ಉತ್ತರವೇ ಸಿಗುತ್ತದೆ. ‘ಈ ಪರೀಕ್ಷಕರ ತಪ್ಪಿನ ದರ ಎಷ್ಟು’ ಎಂದು ಕೇಳಬೇಕು, ಅದಕ್ಕೆ ಉತ್ತರ ಅವರು ಪಡೆದ ತರಬೇತಿ ಮತ್ತು ಎದುರಿಸಿದ ಪರೀಕ್ಷೆಗಳಲ್ಲಿದೆ. 173 ಪರೀಕ್ಷಕರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಎಫ್‌ಬಿಐ ಮತ್ತು ಏಮ್ಸ್ ಅಧ್ಯಯನದಲ್ಲೂ ತಪ್ಪು ಗುರುತಿಸುವಿಕೆ ಗುಂಡುಗಳಲ್ಲಿ ಶೇ 0.656, ಖಾಲಿ ತೋಟಾಗಳಲ್ಲಿ ಶೇ 0.933 ಇದ್ದರೆ, ನಿಜವಾದ ಜೋಡಿಯನ್ನು ಬೇರೆ ಎಂದು ಬಿಟ್ಟದ್ದು ಶೇ 2.87 ಮತ್ತು ಶೇ 1.87.

ಹಿರಿಯ ಪರೀಕ್ಷಕರು ಇದಕ್ಕೆ ಒಂದು ಆಕ್ಷೇಪ ಎತ್ತುತ್ತಾರೆ. ಪ್ರಶ್ನೆಪತ್ರಿಕೆಯ ಪರೀಕ್ಷೆ ಬೇರೆ, ಮೂವತ್ತು ವರ್ಷ ಸಾವಿರಾರು ಪ್ರಕರಣ ನೋಡಿದ ಅನುಭವ ಬೇರೆ. ಅನುಭವವೇ ಕಣ್ಣನ್ನು ಸಾಣೆ ಹಿಡಿಯುತ್ತದೆ ಎಂಬುದು ಅವರ ಮಾತು. ಆದರೆ ಅನುಭವ ಕಲಿಸಬೇಕಾದರೆ ತಪ್ಪು ತಪ್ಪೆಂದು ಮರಳಿ ತಿಳಿಯಬೇಕು. ರೋಗನಿರ್ಣಯ ತಪ್ಪಿದರೆ ರೋಗಿಯ ಸ್ಥಿತಿಯೇ ವೈದ್ಯರಿಗೆ ಹೇಳುತ್ತದೆ. ನಿಜ ಪ್ರಕರಣದಲ್ಲಿ ಪರೀಕ್ಷಕರ ತಪ್ಪನ್ನು ಅವರಿಗೆ ಹೇಳುವವರೇ ಇಲ್ಲ. ಆರೋಪಿಗೆ ಶಿಕ್ಷೆಯಾದರೆ ತಮ್ಮ ಅಭಿಪ್ರಾಯ ಸರಿಯೆಂದು ಅವರು ತಿಳಿಯುತ್ತಾರೆ, ಆದರೆ ಆ ಶಿಕ್ಷೆಗೆ ಕಾರಣಗಳಲ್ಲೊಂದು ಅವರ ಅಭಿಪ್ರಾಯವೇ. 2008ರಲ್ಲಿ ಡೆಟ್ರಾಯಿಟ್ ಪೊಲೀಸ್ ಪ್ರಯೋಗಾಲಯದ ಬಂದೂಕು ಪ್ರಕರಣಗಳನ್ನು ಹೊರಗಿನವರು ಮರುಪರಿಶೀಲಿಸಿದಾಗ ಸುಮಾರು ಶೇ 10ರಲ್ಲಿ ಗಂಭೀರ ದೋಷ ಕಂಡು, ಪ್ರಯೋಗಾಲಯವನ್ನೇ ಮುಚ್ಚಬೇಕಾಯಿತು. ಅಲ್ಲಿದ್ದವರು ಹೊಸಬರಲ್ಲ. ಹಾಗೆಂದು ಅನುಭವ ನಿರರ್ಥಕವೆಂದು ಹೇಳಬೇಕಿಲ್ಲ; ಉತ್ತರ ಗೊತ್ತಿರುವ ಮಾದರಿಗಳೊಡನೆ ಆಗಾಗ ಒರೆಗೆ ಹಚ್ಚಿದ ಅನುಭವ ಬೆಲೆಯುಳ್ಳದ್ದು. ಹ್ಯೂಸ್ಟನ್ ವಿಧಿವಿಜ್ಞಾನ ಕೇಂದ್ರ 2015ರಿಂದ ಇದನ್ನೇ ಮಾಡುತ್ತಿದೆ. ನಕಲಿ ಪ್ರಕರಣಗಳನ್ನು ನಿಜ ಪ್ರಕರಣಗಳ ನಡುವೆ ಗೊತ್ತಾಗದಂತೆ ಸೇರಿಸಿ, ಪರೀಕ್ಷಕರು ಪರೀಕ್ಷೆ ಎಂದು ಅರಿಯದ ಹೊತ್ತಿನಲ್ಲಿ ಹೇಗೆ ಕೆಲಸ ಮಾಡುತ್ತಾರೆಂದು ನೋಡುತ್ತದೆ. ಮುಂಚಿತವಾಗಿ ಹೇಳಿ ಕಳಿಸುವ ವಾರ್ಷಿಕ ಪರೀಕ್ಷೆಗಿಂತ ಇದು ಹೆಚ್ಚು ನಂಬಲರ್ಹ.

ಇನ್ನೊಂದು ಆಕ್ಷೇಪ ಪೊಲೀಸರ ಕಡೆಯದು. ತಪ್ಪಿನ ದರ, ‘ನಿರ್ಧರಿಸಲಾಗದು’ ಎಂಬ ಮಾತುಗಳನ್ನು ತರಬೇತಿಯಲ್ಲೇ ತುಂಬಿದರೆ ಸಾಕ್ಷಿ ಕಟ್ಟೆಯಲ್ಲಿ ತಜ್ಞರು ತಡವರಿಸುತ್ತಾರೆ, ಅಪರಾಧಿ ನುಣುಚಿಕೊಳ್ಳುತ್ತಾನೆ ಎಂಬುದು ಅವರ ಭಯ. ಆದದ್ದು ಇದಕ್ಕೆ ವಿರುದ್ಧ. ಮೇರಿಲ್ಯಾಂಡ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2023ರ ಜೂನ್‌ನಲ್ಲಿ ಅಬ್ರುಕ್ವಾ ಪ್ರಕರಣದಲ್ಲಿ ಕೊಲೆಯ ಶಿಕ್ಷೆಯನ್ನೇ ರದ್ದುಮಾಡಿತು. ಗುಂಡುಗಳು ಆರೋಪಿಯ ಬಂದೂಕಿನವೇ ಎಂದು ಯಾವ ಮಿತಿಯನ್ನೂ ಹೇಳದೆ ಸಾಕ್ಷಿ ನುಡಿಯಲು ಪರೀಕ್ಷಕರಿಗೆ ಬಿಟ್ಟದ್ದು ತಪ್ಪು ಎಂದು ನಾಲ್ವರು ನ್ಯಾಯಮೂರ್ತಿಗಳು ಮೂವರ ವಿರುದ್ಧ ಅಭಿಪ್ರಾಯಪಟ್ಟರು. ಮಿತಿ ಮೀರಿದ ಮಾತೇ ಇಲ್ಲಿ ಅಭಿಯೋಜನೆಗೆ ಮುಳುವಾಯಿತು. ಆದ್ದರಿಂದ ಅಣಕು ನ್ಯಾಯಾಲಯದ ಪಾಠ ತರಬೇತಿಯ ಅಲಂಕಾರವಲ್ಲ. ತಮ್ಮ ಟಿಪ್ಪಣಿ, ಚಿತ್ರಗಳನ್ನು ತೋರಿಸಿ ಕಂಡದ್ದನ್ನು ಕಂಡಷ್ಟೇ ಹೇಳುವುದು, ವಕೀಲರು ಹುರಿದುಂಬಿಸಿದರೂ ಒಂದು ಹೆಜ್ಜೆ ಮುಂದಿಡದಿರುವುದು ಅಭ್ಯಾಸದಿಂದ ಬರುವ ಗುಣ. ತನಿಖಾಧಿಕಾರಿ ಬಂದು ‘ಆರೋಪಿ ಒಪ್ಪಿಕೊಂಡಿದ್ದಾನೆ, ನೀವು ಹೊಂದಿಕೆ ಕೊಟ್ಟರೆ ಸಾಕು’ ಎಂದ ಮೇಲೆ ನೋಡುವ ಕಣ್ಣಿಗೂ, ಏನೂ ತಿಳಿಯದೆ ನೋಡುವ ಕಣ್ಣಿಗೂ ಅಂತರವಿದೆ. ಪ್ರಕರಣದ ಕಥೆಯನ್ನು ಪರೀಕ್ಷಕರಿಂದ ದೂರವಿಡುವುದು, ಎರಡನೆಯ ಪರೀಕ್ಷಕರಿಗೆ ಮೊದಲನೆಯವರ ಉತ್ತರವನ್ನು ಹೇಳದೆ ಪರಿಶೀಲನೆಗೆ ಕೊಡುವುದು ಮೊದಲ ದಿನದಿಂದಲೇ ರೂಢಿಯಾಗಬೇಕು.

ಇನ್ನು ಯಂತ್ರಗಳು ಬರುತ್ತಿವೆಯಲ್ಲ, ಮನುಷ್ಯರಿಗೇಕೆ ಎರಡು ವರ್ಷದ ತರಬೇತಿ ಎಂದು ಕೇಳುವವರಿದ್ದಾರೆ. ಬ್ರೀಚಿನ ಗುರುತುಗಳ ಚಿತ್ರ ತೆಗೆದು ದತ್ತಸಂಗ್ರಹದಲ್ಲಿ ಹುಡುಕುವ ಐಬಿಐಎಸ್‌ನಂಥ ವ್ಯವಸ್ಥೆ ದಶಕಗಳಿಂದ ಇದೆ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಗುರುತಿನ ಮೈಯನ್ನು ಮೂರು ಆಯಾಮಗಳಲ್ಲಿ ಅಳೆದು ಹೊಂದಿಕೆಯನ್ನು ಸಂಖ್ಯೆಯಾಗಿ ಹೇಳುವ ವಿಧಾನಗಳನ್ನು ರೂಪಿಸಿದೆ; ಉಪಕರಣಗಳನ್ನು ಸರಿಹೊಂದಿಸಲು ಪ್ರಮಾಣೀಕೃತ ಗುಂಡು ಮತ್ತು ತೋಟಾಗಳನ್ನೂ ಒದಗಿಸುತ್ತದೆ. ಈ ದಿಕ್ಕು ಸರಿಯಾದದ್ದು, ಹೊಂದಿಕೆಗೆ ಸಂಖ್ಯೆಯ ಆಸರೆ ಬೇಕೇ ಬೇಕು. ಆದರೆ ಯಂತ್ರ ಅಳೆಯುವುದು ತನ್ನ ಮುಂದಿಟ್ಟ ಮೈಯನ್ನು. ನಜ್ಜುಗುಜ್ಜಾದ ಗುಂಡಿನ ಯಾವ ಭಾಗ ಅಳತೆಗೆ ಯೋಗ್ಯ, ಕಾಣುವ ಗೀರು ಉಪವರ್ಗದ್ದೇ, ಪರೀಕ್ಷಾ ಗುಂಡಿಗೆ ಯಾವ ತೋಟಾ ಆರಿಸಬೇಕು ಎಂಬುದನ್ನು ತಯಾರಿಕೆ ಗೊತ್ತಿರುವವರೇ ನಿರ್ಧರಿಸಬೇಕು. ಯಂತ್ರ ಹೆಚ್ಚಿದಂತೆ ತರಬೇತಿಯಲ್ಲಿ ಸಂಖ್ಯಾಶಾಸ್ತ್ರ ಸೇರಬೇಕಾಗುತ್ತದೆ. ಅವಧಿ ಕುಗ್ಗುವ ಲಕ್ಷಣ ಕಾಣದು.

ಭಾರತದಲ್ಲಿ ಈ ವೃತ್ತಿ 1930ರಷ್ಟು ಹಿಂದಕ್ಕೆ ಹೋಗುತ್ತದೆ. ಆಗ ಕಲ್ಕತ್ತಾ ಪೊಲೀಸರು ಒಬ್ಬ ಶಸ್ತ್ರ ತಜ್ಞನನ್ನು ನೇಮಿಸಿ ಸಣ್ಣ ಪ್ರಯೋಗಾಲಯ ತೆರೆದರು. 1952ರಲ್ಲಿ ಅದೇ ನಗರದಲ್ಲಿ ದೇಶದ ಮೊದಲ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯ ಬಂತು. ಸರ್ವೋಚ್ಚ ನ್ಯಾಯಾಲಯ 1958ರ ಕಲುವಾ ಪ್ರಕರಣದಲ್ಲಿ ನಾಡ ಪಿಸ್ತೂಲಿನ ತೋಟಾದ ಬಗ್ಗೆ ತಜ್ಞರ ಸಾಕ್ಷ್ಯವನ್ನು ಒಪ್ಪಿ ಶಿಕ್ಷೆ ಎತ್ತಿಹಿಡಿಯಿತು. ಅಲ್ಲಿ ತಜ್ಞರು ನಾಲ್ಕು ಪರೀಕ್ಷಾ ತೋಟಾ ಹಾರಿಸಿ, ಸೂಕ್ಷ್ಮಚಿತ್ರಗಳೊಡನೆ ಕಾರಣ ಕೊಟ್ಟಿದ್ದರು. ತಜ್ಞರ ಅಭಿಪ್ರಾಯಕ್ಕೆ ಜಾಗ ಕೊಟ್ಟಿದ್ದ ಸಾಕ್ಷ್ಯ ಕಾಯ್ದೆಯ 45ನೇ ಕಲಂ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ಆಗಿದೆ. ಅದು ವಿಶೇಷ ಪರಿಣತಿಯನ್ನು ಕೇಳುತ್ತದೆ, ಪರಿಣತಿಯನ್ನು ಅಳೆಯುವ ಬಗೆಯನ್ನು ಹೇಳುವುದಿಲ್ಲ. ಸರ್ಕಾರಿ ವಿಜ್ಞಾನಿಗಳ ವರದಿಯನ್ನು ಅವರನ್ನು ಕರೆಸದೆಯೇ ಸಾಕ್ಷ್ಯವಾಗಿ ಬಳಸಲು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 293ನೇ ಕಲಂ ಅವಕಾಶ ಕೊಟ್ಟಿತ್ತು, ಅದರ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 329ನೇ ಕಲಂ ಅದನ್ನು ಉಳಿಸಿಕೊಂಡಿದೆ. ಇದರಿಂದ ನ್ಯಾಯಾಲಯಗಳ ಸಮಯ ಉಳಿಯಿತು ನಿಜ. ಜೊತೆಗೆ ಪಾಟೀಸವಾಲು ಎಂಬ ಒರೆಗಲ್ಲು ಅನೇಕ ವರದಿಗಳಿಗೆ ತಾಗದೆ ಹೋಯಿತು. ಸಾಕ್ಷಿ ಕಟ್ಟೆಯಲ್ಲಿ ಎಡವಿದರೆ ಏನಾಗುತ್ತದೆ ಎಂಬುದನ್ನು 1999ರ ಜೆಸ್ಸಿಕಾ ಲಾಲ್ ಕೊಲೆ ಪ್ರಕರಣ ತೋರಿಸಿತು. ಪಿಸ್ತೂಲು ಸಿಗದಿದ್ದರೂ ಎರಡು ಖಾಲಿ ತೋಟಾಗಳು ಎರಡು ಬೇರೆ ಪಿಸ್ತೂಲುಗಳಿಂದ ಹೊರಟವೆಂಬ ತಜ್ಞರ ಮಾತು ಖುಲಾಸೆಗೆ ನೆರವಾಯಿತು. ಉಚ್ಚ ನ್ಯಾಯಾಲಯ ಆ ತೀರ್ಪನ್ನು 2006ರಲ್ಲಿ ತಿರುಗಿಸಿತು, 2013ರಲ್ಲಿ ತಜ್ಞರ ಮೇಲೆ ಸುಳ್ಳು ಸಾಕ್ಷ್ಯದ ಕ್ರಮಕ್ಕೂ ಆದೇಶಿಸಿತು.

ನಮ್ಮ ಪರಿಸ್ಥಿತಿಗೆ ಅಮೆರಿಕದ ಪಠ್ಯ ಒಗ್ಗುವುದಿಲ್ಲ, ಇಲ್ಲಿ ಸಿಗುವುದೆಲ್ಲ ಕಟ್ಟಾ, ನಾಡ ಪಿಸ್ತೂಲು, ನಾಡಕೋವಿ ಎಂಬ ಮಾತೂ ಇದೆ. ಅರ್ಧ ನಿಜ. ಕೊಳವೆ ಕೊಯ್ದು ಅರದಿಂದ ಉಜ್ಜಿ ಮಾಡಿದ ನಳಿಗೆಯಲ್ಲಿ ತೋಡುಗಳಿರುವುದಿಲ್ಲ. ಗುಂಡಿನ ಅಳತೆಗೂ ನಳಿಗೆಯ ಅಳತೆಗೂ ತಾಳೆಯಾಗುವುದಿಲ್ಲ. ಚರೆ ಹಾರಿಸುವ ತೋಟಾಕೋವಿಯಲ್ಲಿ ಖಾಲಿ ತೋಟಾವೊಂದೇ ಗತಿ, ಕೇಪಿನ ಕೋವಿಯಲ್ಲಿ ಅದೂ ಇಲ್ಲ. ಆದರೆ ಅರದ ಗೀರುಗಳು ಪ್ರತಿ ಕೈಬಂದೂಕಿನಲ್ಲೂ ಬೇರೆಬೇರೆಯಾದ್ದರಿಂದ ಬ್ರೀಚ್ ಮತ್ತು ಪಿನ್ನಿನ ವೈಯಕ್ತಿಕ ಗುರುತುಗಳು ಇಲ್ಲಿ ಢಾಳಾಗಿ ಮೂಡುತ್ತವೆ. ಕಚ್ಚಾ ಲೋಹ ಬೇಗ ಸವೆಯುವುದರಿಂದ ಹೊಡೆತದಿಂದ ಹೊಡೆತಕ್ಕೆ ಬದಲಾಗುತ್ತವೆ ಕೂಡ. ಗೌರಿ ಲಂಕೇಶ್ ಹತ್ಯೆಯ ತನಿಖೆಯಲ್ಲಿ, 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು ಕೊಂದ 7.65 ಎಂ.ಎಂ. ನಾಡ ಪಿಸ್ತೂಲೇ 2017ರಲ್ಲಿ ಬೆಂಗಳೂರಿನಲ್ಲೂ ಬಳಕೆಯಾಯಿತು ಎಂಬ ವರದಿ ಬಂದಾಗ ಪಿಸ್ತೂಲು ಸಿಕ್ಕಿರಲಿಲ್ಲ; ಹೋಲಿಕೆ ನಡೆದದ್ದು ಎರಡು ಸ್ಥಳಗಳ ಗುಂಡು, ಖಾಲಿ ತೋಟಾಗಳ ನಡುವೆ. ಇಂಥ ಕೆಲಸಕ್ಕೆ ಬೇಕಾದ ಮಾದರಿಗಳು ಹೊರದೇಶದ ಪೊಟ್ಟಣಗಳಲ್ಲಿ ಬರುವುದಿಲ್ಲ. ವಶಪಡಿಸಿಕೊಂಡ ನಾಡ ಪಿಸ್ತೂಲುಗಳಿಂದಲೇ, ಒಂದೇ ಕುಶಲಕರ್ಮಿ ಮಾಡಿದವನ್ನು ಪಕ್ಕಪಕ್ಕ ಇಟ್ಟು, ಮೊದಲ ಹೊಡೆತದಿಂದ ಐವತ್ತನೆಯ ಹೊಡೆತದವರೆಗೆ ತೋಟಾಗಳನ್ನು ಕೂಡಿಟ್ಟು ಇಲ್ಲೇ ಸಿದ್ಧಪಡಿಸಬೇಕು. ಪಠ್ಯದ ತತ್ವ ಬದಲಾಗುವುದಿಲ್ಲ, ಮಾದರಿ ಬದಲಾಗಬೇಕು. 2020ರ ಕಾಯ್ದೆಯಿಂದ ರೂಪುಗೊಂಡ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡದಲ್ಲಿದೆ, ರಾಜ್ಯದ ಮುಖ್ಯ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ. ತರಗತಿ ಒಂದು ಕಡೆ, ಮುಟ್ಟುಗೋಲಾದ ಬಂದೂಕುಗಳು ಇನ್ನೊಂದು ಕಡೆ ಇದ್ದರೆ ಎರಡನ್ನೂ ಕೂಡಿಸುವ ಹೊಣೆ ಸರ್ಕಾರದ್ದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಂ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗುವುದನ್ನು ಕಡ್ಡಾಯ ಮಾಡಿದೆ. ರಾಜ್ಯಗಳು ಐದು ವರ್ಷಗಳೊಳಗೆ ಇದನ್ನು ಜಾರಿಗೆ ತರಬೇಕು. ಸ್ಥಳಕ್ಕೆ ಹೋಗುವವರು ಹೆಚ್ಚಿದರೆ ಪ್ರಯೋಗಾಲಯಕ್ಕೆ ಬರುವ ಗುಂಡು, ತೋಟಾಗಳೂ ಹೆಚ್ಚುತ್ತವೆ, ತರಬೇತಿಯನ್ನು ಆರು ತಿಂಗಳಿಗೆ ಇಳಿಸಿ ಹುದ್ದೆ ತುಂಬುವ ಒತ್ತಡ ಬರುತ್ತದೆ. ಅದಕ್ಕೆ ಮಣಿಯಬಾರದು. ಬೇರೆ ಬಂದೂಕುಗಳ ಮೋಸದ ಹೊಂದಿಕೆಗಳನ್ನು ನೂರಾರು ಬಾರಿ ಕಂಡು, ಪರೀಕ್ಷೆಯೆಂದು ತಿಳಿಸದೆ ಒಡ್ಡಿದ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಅವುಗಳ ಫಲಿತಾಂಶವನ್ನು ವರದಿಯ ಜೊತೆ ಲಗತ್ತಿಸುವವರೆಗೆ ಯಾವ ಪರೀಕ್ಷಕರ ಸಹಿಯೂ ಒಂಟಿಯಾಗಿ ನ್ಯಾಯಾಲಯಕ್ಕೆ ಹೋಗಬಾರದು. ಆ ಫಲಿತಾಂಶವನ್ನು ಕೇಳುವ ಹಕ್ಕು ಎರಡೂ ಕಡೆಯ ವಕೀಲರಿಗೆ ಇರಬೇಕು.